ಚೌಕದೊಳಗಿನ ಮಳೆ

ಫೆಬ್ರವರಿ ಕಳೆಯುವ ಹೊತ್ತಿಗೆ ನಮ್ಮ ಬಾಳೆಲೆಯ ಕಾಫಿ ಬೆಳೆಗಾರರ ಮನೆಗಳಲ್ಲಿ ಮಾತೆಲ್ಲವೂ ಹೂಮಳೆಯದೇ. ಇಂಚಿನಷ್ಟು ಮಳೆ ಒಮ್ಮೆಗೇ ಸುರಿದರೆ ರೊಬಸ್ಟಾ ಗಿಡದ ಮೊಗ್ಗು ವಾರ ಹತ್ತು ದಿನಗಳಲ್ಲಿ ಅರಳುವುದು. ಹತ್ತಿಪ್ಪತ್ತು ಸೆಂಟು ಮಾತ್ರ ಬಿದ್ದು ನಿಂತಿತೋ, ಮೊಗ್ಗು ಅರೆಬಿರಿದು ಕೆಟ್ಟು ವರುಷದ ಫಸಲಿಗೇ ಕುಂದುಂಟಾಗುವುದು. ಕೆರೆಯ ನೀರನ್ನು ಸ್ಪ್ರಿಂಕ್ಲರಿಗೆ ಈಗಲೇ ಹಚ್ಚಬೇಕೆ, ಇಲ್ಲವೆ ಆಕಾಶವನ್ನು ನಂಬಿ ಕಾಯಬೇಕೆ ಎಂಬ ತೀರ್ಮಾನಕ್ಕೆ ಎಷ್ಟೋ ಮನೆಗಳ ಸಾಲದ ಕಂತು ಗಂಟುಬಿದ್ದಿರುತ್ತದೆ.

ಮಳೆಯನ್ನು ಗಣಿತದಿಂದ ಮುಂತಿಳಿಯುವ ಕ್ರಮವನ್ನು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರ ತನ್ನ ಗ್ರಂಥದಲ್ಲಿ ವಿವರಿಸಿದನು. ವಾಯುಮಂಡಲವನ್ನು ಚೌಕಗಳಾಗಿ ವಿಂಗಡಿಸಿ, ಚೌಕವೊಂದಕ್ಕೆ ಒತ್ತಡ, ಗಾಳಿ, ತೇವಗಳ ಒಂದೊಂದೇ ಅಂಕಿಯನ್ನಿಟ್ಟು ಲೆಕ್ಕ ಹಾಕುವುದು. ಅವನ ಚೌಕದ ಬದಿ ಸುಮಾರು 200 ಕಿಲೋಮೀಟರು. ಕೊಡಗಿನಂಥ ಒಂಬತ್ತು ಸೀಮೆಗಳು ಅದರೊಳಗೆ ಅಡಗಬಲ್ಲವು! 2025ರ ಮೇ ತಿಂಗಳಲ್ಲಿ ನಮ್ಮ ದೇಶದಲ್ಲಿ ಬಳಕೆಗೆ ತಂದ, ಪುಣೆಯ ವಿಜ್ಞಾನಿಗಳು ರಚಿಸಿದ ಮಾದರಿಯಲ್ಲಿ ಆ ಬದಿ 6 ಕಿಲೋಮೀಟರಿಗೆ ಇಳಿದಿದೆ. ಸಾಮಾನ್ಯವಾದ ಸಾಧನೆಯಲ್ಲ. ಆದರೆ ಬೇಸಿಗೆಯ ಗುಡುಗುಮೋಡವು ಲಕ್ಷ್ಮಣತೀರ್ಥದ ಒಂದು ದಡವನ್ನು ತೋಯಿಸಿ ಇನ್ನೊಂದನ್ನು ಬರಿದೆ ಬಿಟ್ಟು ಹೋಗುವುದುಂಟು. ಎರಡು ದಡವೂ ಒಂದೇ ಚೌಕದಲ್ಲಿದ್ದರೆ ಲೆಕ್ಕವು ಸರಾಸರಿಯನ್ನು ಹೇಳುವುದು; ಸರಾಸರಿಯಿಂದ ಹೂ ಅರಳದು.

ಧ್ರುವಸಮುದ್ರದ ಮಂಜುಗಡ್ಡೆಯನ್ನು ಲೆಕ್ಕಕ್ಕೆ ತರುವವರಿಗೂ ಇದೇ ತೊಡಕು. ಗಡ್ಡೆಯ ಹರವು ಸಾವಿರಾರು ಕಿಲೋಮೀಟರು, ಅದರೊಳಗಿನ ಉಪ್ಪುನೀರಿನ ರಂಧ್ರಗಳೋ ಕೂದಲೆಳೆಯಷ್ಟು ಸಣ್ಣವು. ರಂಧ್ರಗಳನ್ನು ಎಣಿಸಿ ಮುಗಿಸುವವರಾರು? ಅಮೆರಿಕೆಯ ಗಣಿತಜ್ಞ ಕೆನೆತ್ ಗೋಲ್ಡನ್ ಮತ್ತು ಅವರ ಸಂಗಡಿಗರು 1998ರಲ್ಲಿ ಒಂದು ಉಪಾಯ ತೋರಿದರು. ಗಡ್ಡೆಯಲ್ಲಿ ಉಪ್ಪುನೀರಿನ ಪಾಲು ಸುಮಾರು ನೂರಕ್ಕೆ 5ನ್ನು ಮೀರಿದೊಡನೆ ಬಿಡಿಬಿಡಿಯಾದ ರಂಧ್ರಗಳು ಒಂದಕ್ಕೊಂದು ಕೂಡಿ ನೀರಿಗೆ ದಾರಿಯಾಗುವುದು. ಅದಕ್ಕಿಂತ ಕಡಿಮೆಯಾದರೆ ದಾರಿ ಮುಚ್ಚಿದಂತೆಯೇ. ಕಿರಿದಾದುದೆಲ್ಲವನ್ನೂ ಎಣಿಸದೆ, ಹಿರಿದಕ್ಕೆ ಬೇಕಾದ ಒಂದಂಶವನ್ನು ಆರಿಸಿಕೊಳ್ಳುವ ಈ ಜಾಣ್ಮೆ ನನಗೆ ಬಹಳ ಮೆಚ್ಚುಗೆಯಾಯಿತು.

ಚೌಕದೊಳಗಿನ ಮೋಡಕ್ಕೂ ಅಂದಾಜಿನ ಸೂತ್ರಗಳುಂಟು. ಅಷ್ಟು ಅಡಕವಾದುದನ್ನು ಮಾತ್ರ ಕಾಣೆವು. ಅಂಥ ಸೂತ್ರಗಳನ್ನು ಒರೆಗೆ ಹಚ್ಚಬೇಕಾದರೆ ಚೌಕದೊಳಗೆ ಎಲ್ಲೆಲ್ಲಿ ಎಷ್ಟೆಷ್ಟು ಬಿದ್ದಿತೆಂಬುದು ತಿಳಿಯಬೇಕಷ್ಟೆ. ಅದು ತೋಟದ ಮನೆಗಳಲ್ಲಿಯೇ ಇದೆ. ದಿನ ಬೆಳಗ್ಗೆ ಮಳೆಮಾಪಕವನ್ನು ನೋಡಿ ಇಂಚು, ಸೆಂಟುಗಳನ್ನು ಬರೆದಿಡುವ ಪದ್ಧತಿ ಇಲ್ಲಿ ಹಿರಿಯರಿಂದ ಬಂದುದು. ಆ ಪುಸ್ತಕಗಳಲ್ಲಿ ಕೆಲವು ಅಟ್ಟದ ಮೇಲೆ ಗೆದ್ದಲಿಗೆ ಉಣಿಸಾಗುತ್ತಿವೆ. ನೆರೆಯ ಎರಡು ತೋಟಗಳ ಪುಸ್ತಕಗಳನ್ನು ಒಮ್ಮೆ ಎದುರುಬದುರಾಗಿಟ್ಟು, ಒಂದೇ ಮಾರ್ಚಿಯ ಪುಟಗಳನ್ನು ತೆರೆದು ನೋಡಬೇಕೆಂದು ವಾಚಕರಲ್ಲಿ ನನ್ನ ವಿನಂತಿ.