ದುಬೈ ನೋಡಿ ಬಂದದ್ದು

ನಮ್ಮ ವಾಚನಾಲಯದ ಮೇಷ್ಟ್ರು ಮೂರು ಸಲ ಹೇಳಿ ಕಳಿಸಿದರು, ದುಬೈ ನೋಡಿಬಂದದ್ದನ್ನು ಬರೆದುಕೊಡಲೇಬೇಕು ಅಂತ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಪದ ಹಾಡು ಅಂದರೆ ಬೆಳಗಾನ ಹಾಡ್ತೀನಿ, ಬರೆಯೋದು ಅಂದರೆ ಕೈ ನಡುಗುತ್ತೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಿ.

ನಾನು ಹೋದದ್ದು 2024ರ ಜನವರಿಯಲ್ಲಿ, ಹನ್ನೊಂದು ದಿನಕ್ಕೆ. ಗೋಪುರ ನೋಡೋದಕ್ಕಲ್ಲ, ಚಿಕ್ಕ ಮಗನನ್ನು ನೋಡೋದಕ್ಕೆ. ಅವನು ಮುಂಚೆ ಬೊಕ್ಕಾಪುರದಲ್ಲೇ ಒಂದು ರೆಸಾರ್ಟಿನಲ್ಲಿ ಅಡುಗೆ ಕೆಲಸಕ್ಕಿದ್ದ. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆನೆದಾರಿಯ ರೆಸಾರ್ಟುಗಳಿಗೆ ಬೀಗ ಬಿತ್ತಲ್ಲ, ಆಗ ಅವನ ಕೆಲಸವೂ ಹೋಯ್ತು. ಆನೆಯನ್ನು ಬಯ್ಯೋಕೆ ನನಗೆ ಬಾಯಿ ಬರೋದಿಲ್ಲ, ಅದು ನಮ್ಮ ತಾತನಿಗಿಂತ ಮುಂಚೆ ಆ ದಾರಿಯಲ್ಲಿ ನಡೆದದ್ದು. ಆದರೆ ಸಂಬಳ ನಿಂತದ್ದು ನಮ್ಮ ಮನೆಯಲ್ಲಿ. ಮಾರನೇ ವರ್ಷ ಅವನು ದುಬೈ ಸೇರಿದ. ಆಮೇಲೆ ಕೊರೊನಾ ಬಂತು. 2021ರಲ್ಲಿ ಅವರವ್ವ ತೀರಿಕೊಂಡಾಗ ಬರೋಕಾಗಲಿಲ್ಲ, ಮಣ್ಣು ಮಾಡಿದ್ದನ್ನು ಫೋನಿನಲ್ಲೇ ನೋಡಿದ.

"ಅಪ್ಪ, ನಾನು ಬಂದ್ರೆ ಟಿಕೆಟ್ ದುಡ್ಡೂ ಹೋಯ್ತದೆ, ಸಂಬಳವೂ ಹೋಯ್ತದೆ. ನೀನೇ ಒಂದ್ಸಲ ಬಂದ್ಬುಡು. ಅವ್ವ ಟಿವಿಲಿ ನೋಡಿ ಬಾಯ್ಬುಡ್ತಿದ್ದ ಗೋಪುರ ತೋರುಸ್ತೀನಿ" ಅಂದ. ಹಾಗೆ ಗೂಡಲೂರು ದಾಟಿ, ನಾಡುಕಾಣಿ ಘಾಟ್ ಇಳಿದು, ಕರಿಪುರದಲ್ಲಿ ವಿಮಾನ ಹತ್ತಿದೆ. ಉಳಿದುಕೊಂಡದ್ದು ಕರಾಮ ಅನ್ನೋ ಕಡೆ, ಗೂಡಲೂರಿನ ಪರಿಚಯದವರ ಮನೆಯಲ್ಲಿ.

ಆ ಊರಿನಲ್ಲಿ ಯಾವುದನ್ನು ತೋರಿಸಿದರೂ "ಇದು ಪ್ರಪಂಚಕ್ಕೇ ದೊಡ್ಡದು" ಅಂತಲೇ ಶುರು ಮಾಡ್ತಾರೆ. ಚಿನ್ನದ ಪೇಟೆಯಲ್ಲಿ ಒಂದು ಉಂಗುರ ಇಟ್ಟಿದ್ದಾರೆ, ಸುಮಾರು 64 ಕಿಲೋ. ಅದನ್ನು ಯಾವ ಬೆರಳಿಗೆ ಹಾಕೋದು? ನಮ್ಮ ಪದಗಳಲ್ಲೂ ರಾಕ್ಷಸಿಯರು ಬರ್ತಾರೆ, ಅವರಿಗೂ ದೊಡ್ಡದಾಗುತ್ತೆ. ದುಬೈ ಫ್ರೇಮ್ ಅಂತ ಇನ್ನೊಂದು, 150 ಮೀಟರ್ ಎತ್ತರದ ಬರೀ ಚೌಕಟ್ಟು, ಒಳಗೆ ಪಟವಿಲ್ಲ. ಒಂದು ಕಡೆಯಿಂದ ನೋಡಿದರೆ ಹಳೇ ಊರು, ಇನ್ನೊಂದು ಕಡೆಯಿಂದ ಹೊಸ ಊರು ಕಾಣುತ್ತೆ. ಅಷ್ಟೇ.

ನನಗೆ ಮನಸ್ಸಿಗೆ ಹಿಡಿಸಿದ್ದು ಹೂವಿನ ತೋಟ. ಮಿರಾಕಲ್ ಗಾರ್ಡನ್ ಅಂತಾರೆ, 2013ರಲ್ಲಿ ಶುರುವಾದದ್ದು. ನಮ್ಮ ಊಟಿಯ ತೋಟ 1848ರದು, ಅಲ್ಲಿ ಮಳೆ ಇದೆ, ಮಂಜು ಇದೆ, ಹೂ ಬಿಟ್ಟರೆ ಏನು ಆಶ್ಚರ್ಯ? ಇಲ್ಲಿ ಮರಳಿನ ಮೇಲೆ ಕೋಟಿಗಟ್ಟಲೆ ಹೂ. ನಿಜವಾದ ವಿಮಾನದ ಅಳತೆಯ ವಿಮಾನಕ್ಕೇ ಹೂ ಹೊದಿಸಿದ್ದಾರೆ, ಅದಕ್ಕೂ ಗಿನ್ನೆಸ್ ದಾಖಲೆ. ನಾನು ಹೂ ನೋಡದೆ ಬಗ್ಗಿ ಬುಡ ನೋಡಿದೆ. ಕೊಳವೆ ಎಳೆದು ತೊಟ್ಟು ತೊಟ್ಟಾಗಿ ನೀರು ಬಿಟ್ಟಿದ್ದಾರೆ. ಯಾವ ನೀರು ಅಂತ ಕೇಳಿದೆ. ಊರಿನ ಬಚ್ಚಲು, ಕಕ್ಕಸಿನ ನೀರನ್ನೇ ಶುದ್ಧ ಮಾಡಿ ಬಿಡೋದಂತೆ. ಬೇಸಿಗೆಯಲ್ಲಿ ತೋಟಕ್ಕೆ ಬೀಗ, ಬಿಸಿಲಿಗೆ ಹೂ ತಡೆಯೋದಿಲ್ಲ. ಕುಡಿಯೋ ನೀರು ಸಮುದ್ರದ್ದು, ಜಬಲ್ ಅಲಿ ಅನ್ನೋ ಕಡೆ ಉಪ್ಪು ತೆಗೆದು ಕಳಿಸ್ತಾರೆ. ನಮ್ಮ ಮೋಯಾರಿನಲ್ಲಿ ಸುಮ್ಮನೆ ಹರಿದುಹೋಗೋ ನೀರು ಕಣ್ಣಿಗೆ ಬಂತು.

ಬುರ್ಜ್ ಖಲೀಫಾಕ್ಕೆ ಮಗ ರಜ ಹಾಕಿ ಬಂದ. 828 ಮೀಟರ್, 163 ಅಂತಸ್ತು. 2004ರಲ್ಲಿ ಕಟ್ಟಲು ಶುರು ಮಾಡಿ 2010ರ ಜನವರಿ 4ಕ್ಕೆ ಬಾಗಿಲು ತೆಗೆದರು. ಕಟ್ಟುವಾಗ ಅದರ ಹೆಸರು ಬುರ್ಜ್ ದುಬೈ. ಸಾಲ ಮಿತಿಮೀರಿ ಕೈಕಟ್ಟಿದಾಗ ಪಕ್ಕದ ಅಬುಧಾಬಿಯವರು ದುಡ್ಡು ಕೊಟ್ಟರು, ಬಾಗಿಲು ತೆಗೆಯೋ ದಿನ ಅಲ್ಲಿನ ದೊರೆಯ ಹೆಸರು ಗೋಪುರಕ್ಕೆ ಬಂತು. ನನಗೆ ನಗು ಬಂತು. ನಾವೂ ಅಷ್ಟೇ, ಅಕ್ಕಿ ಕೊಟ್ಟ ಧಣಿಯ ಹೆಸರನ್ನು ಪದದ ಕೊನೆಗೆ ಸೇರಿಸಿ ಹಾಡ್ತೀವಿ.

ಲಿಫ್ಟಿನಲ್ಲಿ 124ನೇ ಅಂತಸ್ತಿಗೆ ಒಂದು ನಿಮಿಷ. ಕಲ್ಲಟ್ಟಿ ಘಾಟಿನ 36 ತಿರುವು ಹತ್ತುವಾಗ ಕಿವಿ ಮುಚ್ಚುತ್ತಲ್ಲ, ಹಾಗೇ ಮುಚ್ಚಿತು. ರಂಜಾನಿನಲ್ಲಿ 80ನೇ ಅಂತಸ್ತಿನಿಂದ ಮೇಲಿರುವವರು ಉಪವಾಸ ಬಿಡೋಕೆ ಎರಡು ನಿಮಿಷ ಜಾಸ್ತಿ ಕಾಯಬೇಕು, 150ರ ಮೇಲಿನವರು ಮೂರು ನಿಮಿಷ. ಮೇಲಿನವರಿಗೆ ಸೂರ್ಯ ತಡವಾಗಿ ಮುಳುಗ್ತಾನೆ ಅಂತ ಅಲ್ಲಿನ ಧರ್ಮದವರು ಹೇಳಿದ್ದು. ಏಸಿ ಹಾಕಿದಾಗ ಇಳಿಯೋ ನೀರನ್ನೂ ಹಿಡಿದಿಟ್ಟು ಕೆಳಗಿನ ಗಿಡಗಳಿಗೆ ಬಿಡ್ತಾರೆ. ಇದೆಲ್ಲ ಮಗನೇ ಹೇಳಿದ. "ನಿಂಗೆ ಎಲ್ಲಾ ಗೊತ್ತಲ್ಲಲಾ, ಎಷ್ಟು ಸಲ ಹತ್ತಿದ್ದೀಯ?" ಅಂತ ಕೇಳಿದೆ.

"ಇದೇ ಮೊದ್ಲು ಕನಪ್ಪ" ಅಂದ.

ನಾಲ್ಕು ವರ್ಷದ ಮೇಲಾಗಿತ್ತು. ದಿನಾ ಕೆಲಸಕ್ಕೆ ಹೋಗೋ ಬಸ್ಸಿನಿಂದ ಕಾಣುತ್ತಂತೆ. ಟಿಕೆಟ್ ಎಷ್ಟು ಅಂದರೆ ಹೇಳಲಿಲ್ಲ.

ನಾನು ಇಷ್ಟು ವರ್ಷ ಪದದಲ್ಲಿ ಏಳು ಉಪ್ಪರಿಗೆಯ ಅರಮನೆ ಕಟ್ಟಿದವನು. ಏಳು ಅನ್ನುವಾಗ ಕೈ ಎತ್ತಿ ಎಳೀತೀನಿ, ಮಕ್ಕಳು ಬಾಯಿ ಬಿಡ್ತಾರೆ. ಅಲ್ಲಿ ನಿಂತು ನೋಡಿದರೆ ಏಳು ಉಪ್ಪರಿಗೆಯ ಕಟ್ಟಡ ಬೆಂಕಿಪೊಟ್ಟಣದ ಹಾಗೆ ಕಾಣ್ತಿತ್ತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಳು, ನಡುವೆ ಊರು. ಮಗ ಗಾಜಿಗೆ ಹಣೆ ಹಚ್ಚಿ ಹುಡುಕ್ತಿದ್ದ. ಏನು ಅಂದೆ. ಅವನ ರೂಮು ಇರೋ ಅಲ್ ಕೂಜ್. "ಆ ಗೋಡೌನು ಸಾಲಿಂದಾಚೆ ಇರ್ಬೇಕು" ಅಂದ. ಸಿಗಲಿಲ್ಲ. ಬಹಳ ಹೊತ್ತು ಹುಡುಕಿದ, ನಾನೂ ಹುಡುಕಿದೆ.

ಮೇಷ್ಟ್ರು ಆಮೇಲೆ ಒಂದು ಲೆಕ್ಕ ಹೇಳಿದರು. ಮೂರು ಬುರ್ಜ್ ಖಲೀಫಾ ಒಂದರ ಮೇಲೊಂದು ಇಟ್ಟರೂ 2484 ಮೀಟರ್, ನಮ್ಮ ದೊಡ್ಡಬೆಟ್ಟ 2637. ಊರಿನವರಿಗೆ ಇದು ಖುಷಿಯಾಗುತ್ತೆ ಅಂತ ಬರೆದೆ.

ರೂಮನ್ನು ಒಂಬತ್ತನೇ ದಿನ ತೋರಿಸಿದ. ಅದೂ ನಾನು ಹಟ ಹಿಡಿದದ್ದಕ್ಕೆ. ಆರು ಜನ, ಒಂದರ ಮೇಲೊಂದು ಮಂಚ. ಮಗ ಅಡುಗೆ ಭಟ್ಟ ಅಂತ ನಾನು ಊರಲ್ಲಿ ಹೇಳ್ಕೊಂಡಿದ್ದೆ. ಅವನು ಮಾಡೋದು ತರಕಾರಿ ಹೆಚ್ಚೋ ಕೆಲಸ, ಬೆರಳ ತುದಿ ಈರುಳ್ಳಿಗೆ ಬೆಳ್ಳಗಾಗಿತ್ತು. ನಾನೇನೂ ಕೇಳಲಿಲ್ಲ. ಗುಂಡ್ಲುಪೇಟೆ ಕಡೆಯ ಹುಡುಗನೊಬ್ಬ ನಾನು ಪದ ಹಾಡೋನು ಅಂತ ಕೇಳಿದ್ದ, ಹಾಡಲೇಬೇಕು ಅಂದ. ದಮ್ಮಡಿ ತಂದಿರಲಿಲ್ಲ. ಸ್ಟೀಲ್ ತಟ್ಟೆ ಕೊಟ್ಟರು. ಮೇಲಿನ ಮಂಚದಲ್ಲಿ ನೇಪಾಳದವನು ರಾತ್ರಿ ಪಾಳಿ ಮುಗಿಸಿ ಮಲಗಿದ್ದ, ಅದಕ್ಕೆ ಬೆರಳಿನಲ್ಲೇ ತಟ್ಟೆ ತಟ್ಟಿ, ಸಣ್ಣ ದನಿಯಲ್ಲಿ ರಾಗಿ ಕಣದ ಪದ ಹಾಡಿದೆ. ಜಾತ್ರೆಯಲ್ಲಿ ಮೈಕಿಲ್ಲದೆ ಹಾಡಿದವನಿಗೆ ಸಣ್ಣ ದನಿ ಕಷ್ಟ. ಮುಗಿಸಿದಾಗ ನೇಪಾಳದವನು ಕಣ್ಣು ಬಿಡದೆ ಹಿಂದಿಯಲ್ಲಿ ಏನೋ ಅಂದ. ಇನ್ನೊಂದ್ಸಲ ಹಾಡಿ ಅಂದನಂತೆ. ಮಗ ಬಾಗಿಲ ಹತ್ತಿರ ನಿಂತಿದ್ದ, ನನ್ನ ಕಡೆ ತಿರುಗಲಿಲ್ಲ.

ಹೊರಡೋ ಹಿಂದಿನ ದಿನ ಕ್ರೀಕ್ ದಾಟೋ ದೋಣಿ ಹತ್ತಿದೆವು. ಅಬ್ರ ಅಂತಾರೆ, ಮರದ್ದು, ಒಬ್ಬರಿಗೆ ಒಂದೇ ದಿರ್ಹಮ್. ಅದಕ್ಕೆ ಯಾವ ದಾಖಲೆಯೂ ಇಲ್ಲ. ದುಬೈನಲ್ಲಿ ನನಗೆ ಊರಿನ ಹಾಗೆ ಅನ್ನಿಸಿದ್ದು ಅದೊಂದೇ. ನಡುನೀರಿನಲ್ಲಿ ಮಗ ಕೇಳಿದ: "ಅಪ್ಪ, ವೀಸಾ ಇನ್ನೆರಡು ವರ್ಷಕ್ಕೆ ಮಾಡುಸ್ಲಾ, ಬಂದ್ಬುಡ್ಲಾ?"

ನನ್ನ ನಾಲಿಗೆ ತುದಿಯಲ್ಲಿ ಬಾ ಅನ್ನೋದೇ ಇತ್ತು. ಆದರೆ ಅವರಕ್ಕನ ಮದುವೆ ಸಾಲ ಇನ್ನೂ ತೀರಿರಲಿಲ್ಲ. ಎರಡು ಎಕರೆ ಹುರುಳಿ, ರಾಗಿ. ಹಂದಿ, ಜಿಂಕೆ ತಿಂದು ಉಳಿದದ್ದು ನಮಗೆ. ಬೀಗ ಬಿದ್ದ ರೆಸಾರ್ಟಿನ ಗೇಟು ತುಕ್ಕು ಹಿಡಿದಿದೆ. "ನೀನೇ ನೋಡು ಮಗ" ಅಂದುಬಿಟ್ಟೆ. ಅವನು ಆಯ್ತು ಅಂದ. ದೋಣಿ ದಡ ಸೇರಿತು, ಜನ ಇಳಿದರು, ನಾವೂ ಇಳಿದೆವು.

ವೀಸಾ ಮಾಡಿಸಿದ.

ಆ ವರ್ಷ ಮಾರಿಯಮ್ಮನ ಜಾತ್ರೆ ದಿನ ಫೋನ್ ಮಾಡಿದ. ತೇರಿನ ಕಡೆ ಫೋನು ಹಿಡಿದು ತೋರಿಸಿದೆ. ತೇರು ನೋಡಿ ಆಮೇಲೆ ಕೇಳಿದ್ದು, ಹೊಲದ ಬೇಲಿ ಕಟ್ಟಿಸಿದ್ಯಾ ಅಂತ.

ಈ ಪುಸ್ತಕ ಅಚ್ಚಾದ ಮೇಲೆ ಒಂದನ್ನು ಅವನಿಗೆ ಕಳಿಸಬೇಕು ಅಂತ ಮೇಷ್ಟ್ರಿಗೆ ಹೇಳಿದ್ದೀನಿ. ದೋಣಿಯಲ್ಲಿ ಬಾಯಿಬಿಟ್ಟು ಹೇಳದ್ದನ್ನು ಇಲ್ಲಿ ಬರೀತೀನಿ, ಅವನು ಓದಲಿ. ಮಗ, ಈ ಎರಡು ವರ್ಷ ಮುಗಿಸ್ಕೊಂಡು ಬಾ. ಸಾಲ ಇನ್ನು ಸ್ವಲ್ಪವೇ ಉಳಿದಿದೆ. ಬೇಲಿ ಕಟ್ಟಿಸಿದ್ದೀನಿ.