ಎಡಗೈಯ ಸಾಕ್ಷ್ಯ

ಆರೋಗ್ಯವಂತನಾದ ಮನುಷ್ಯ ದಿನಕ್ಕೆ ಎಷ್ಟು ಸಲ ತನ್ನ ಎಡಗೈಯನ್ನು ನೆನೆಯುತ್ತಾನೆ? ಒಂದು ಸಲವೂ ಇಲ್ಲವೆಂದು ಧಾರಾಳವಾಗಿ ಹೇಳಬಹುದು. ಅದು ಚೀಲ ಹಿಡಿಯುತ್ತದೆ, ಗುಂಡಿ ಹಾಕುತ್ತದೆ, ಬಲಗೈ ಬರೆಯುವಾಗ ಕಾಗದ ಹಾರದಂತೆ ಅದುಮಿಕೊಂಡಿರುತ್ತದೆ. ಇಷ್ಟಾದರೂ ಅದಕ್ಕೆ ಒಂದು ಹೊಗಳಿಕೆಯಿಲ್ಲ, ವಿಚಾರಣೆಯಿಲ್ಲ. ಆರೋಗ್ಯವೆಂದರೆ ಇದೇ ಇರಬೇಕು: ದೇಹ ತನ್ನ ಪಾಡಿಗೆ ತಾನು ದುಡಿಯುತ್ತ, ಯಜಮಾನನಿಗೆ ವರದಿ ಒಪ್ಪಿಸದೆ ಸುಮ್ಮನಿರುವುದು. ಪಾರ್ಶ್ವವಾಯು ಬಡಿದವನ ಕೈಗೆ ಕೆಲವು ತಿಂಗಳಲ್ಲಿ ಬಲ ಹಿಂತಿರುಗಬಹುದು. ಈ ಮೌನ ಮಾತ್ರ ಅಷ್ಟು ಬೇಗ ಹಿಂತಿರುಗುವುದಿಲ್ಲ.

ರೋಗದ ಹೆಸರುಗಳನ್ನೇ ನೋಡಿ. ಹಳ್ಳಿಯ ಕಡೆ ಲಕ್ವ ಹೊಡೆಯಿತು ಎನ್ನುತ್ತಾರೆ. ಸಂಸ್ಕೃತ ಬಲ್ಲವರು ಪಕ್ಷಾಘಾತ ಎಂದರು. ಇಂಗ್ಲಿಷರ ಸ್ಟ್ರೋಕ್ ಎಂದರೂ ಪೆಟ್ಟೇ. ಗ್ರೀಕರಿಂದ ಬಂದ ಅಪೊಪ್ಲೆಕ್ಸಿ ಎಂಬ ಹಳೆಯ ಹೆಸರಿಗೂ ಹೊಡೆದುರುಳಿಸುವುದೆಂದೇ ಅರ್ಥ. ದೇಶ ಬೇರೆ, ಭಾಷೆ ಬೇರೆ, ಪೆಟ್ಟು ಮಾತ್ರ ಒಂದೇ. 1658ರಷ್ಟು ಹಿಂದೆಯೇ ಸ್ವಿಟ್ಜರ್ಲೆಂಡಿನ ಯೋಹಾನ್ ಯಾಕೋಬ್ ವೆಪ್ಫರ್ ಎಂಬ ವೈದ್ಯ ಹೀಗೆ ಸತ್ತವರ ತಲೆಯನ್ನು ಕೊಯ್ದು ನೋಡಿ, ಒಳಗೆ ರಕ್ತ ಸೋರಿರುವುದನ್ನು ಕಂಡು ಗ್ರಂಥ ಬರೆದ. ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದೋ ಒಡೆಯುವುದೋ ಇದರ ಕಾರಣವೆಂದು ಇಂದು ಶಾಲೆಯ ಹುಡುಗರೂ ಬಲ್ಲರು. ಕಾರಣ ತಿಳಿದ ಮೇಲೂ ಹೆಸರು ಹೋಗಲಿಲ್ಲ. ಹಿಂದಿನಿಂದ ಒಮ್ಮೆ ಏಟು ತಿಂದವನು ಆಮೇಲೆ ಬೀದಿಯಲ್ಲಿ ಹೇಗೆ ನಡೆಯುತ್ತಾನೆ? ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ ನಡೆಯುತ್ತಾನೆ.

ನನಗೆ ಏಟು ಬಿದ್ದು ಎರಡೂವರೆ ವರ್ಷವಾಯಿತು. ಒಂದು ಬೆಳಗ್ಗೆ ಕಾಫಿಯ ಲೋಟ ಎಡಗೈಯಿಂದ ಜಾರಿತು. ಬಾಗಿ ಎತ್ತಿಕೊಳ್ಳಹೋದರೆ ಬೆರಳುಗಳು ನನ್ನವಾಗಿರಲಿಲ್ಲ. ಮಗ ಮನೆಯಲ್ಲೇ ಇದ್ದ. ಒಂದು ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದೆ. ಹೆಪ್ಪು ಕರಗಿಸುವ ಔಷಧಿ ಸಕಾಲಕ್ಕೆ ಸಿಕ್ಕಿತು. ಮೂರು ತಿಂಗಳಲ್ಲಿ ಕೈ ಬಹುಮಟ್ಟಿಗೆ ಸರಿಯಾಯಿತು. ಈಗ ಉಳಿದಿರುವುದು ಅಂಗಿಯ ಗುಂಡಿ ಹಾಕುವಾಗಿನ ನಿಧಾನ ಒಂದೇ. ನೋಡಲು ಬಂದವರೆಲ್ಲ "ದೊಡ್ಡ ಗಂಡಾಂತರ ಕಳೆಯಿತು, ಇನ್ನೇನು!" ಎಂದು ಹಣ್ಣಿನ ಪೊಟ್ಟಣ ಇಟ್ಟು ಹೋದರು. ಅವರ ಪಾಲಿಗೆ ಕಥೆ ಅಲ್ಲಿಗೆ ಮಂಗಳ ಹಾಡಿತು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಐದು ಮಾತ್ರೆಗಳ ಹೆಸರಿತ್ತು, ಉಪ್ಪಿನ ಮಿತಿ ಇತ್ತು, ಕೈಯ ವ್ಯಾಯಾಮ ಇತ್ತು. ಭಯದ ವಿಷಯಕ್ಕೆ ಒಂದು ಸಾಲೂ ಇರಲಿಲ್ಲ. ಈ ರೋಗದಿಂದ ಎದ್ದವರಲ್ಲಿ ಸುಮಾರು ನಾಲ್ವರಿಗೊಬ್ಬರು ಮೊದಲ ವರ್ಷದಲ್ಲಿ ಆತಂಕದ ಕೈಗೆ ಸಿಕ್ಕುತ್ತಾರೆಂಬ ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ.

ಅದು ಬಂದದ್ದು ನಾಲ್ಕನೆಯ ತಿಂಗಳಲ್ಲಿ, ರಾತ್ರಿ ಎರಡು ಗಂಟೆಗೆ. ನಿದ್ದೆಯಿಂದ ಎದ್ದು ಕುಳಿತೆ. ಎದೆ ಡೋಲಿನಂತೆ ಬಡಿಯುತ್ತಿತ್ತು. ಉಸಿರು ಎಷ್ಟು ಎಳೆದರೂ ಸಾಲದು. ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜುಮುಜುಮು, ತುಟಿಯ ಸುತ್ತ ಮರಗಟ್ಟಿದ ಹಾಗೆ, ತಲೆ ತೊಟ್ಟಿಲು. ಇಷ್ಟು ಸಾಕಾಯಿತು, ಮತ್ತೊಂದು ಪೆಟ್ಟು ಬಿದ್ದಿತೆಂದೇ ನಿಶ್ಚಯವಾಯಿತು. ಮನೆಯವರೆಲ್ಲ ಎದ್ದರು, ದೀಪಗಳು ಹತ್ತಿದವು, ಬಂಡಿ ಬಂದಿತು. ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ಬೆಳಗಿನ ಜಾವ ಒಬ್ಬ ಎಳೆಯ ಡಾಕ್ಟರು ಬಂದು, "ಏನೂ ಇಲ್ಲ ಸಾರ್, ಗಾಬರಿ ಅಷ್ಟೆ" ಎಂದರು. ಆ 'ಅಷ್ಟೆ' ಎಂಬ ಎರಡೂವರೆ ಅಕ್ಷರವನ್ನು ಮನೆಗೆ ತಂದು ಎಷ್ಟು ದಿನ ಹೊರಳಿಸಿ ನೋಡಿದೆನೋ ಲೆಕ್ಕವಿಲ್ಲ. ಮೂರು ವಾರದಲ್ಲಿ ಇದೇ ನಾಟಕ ಇನ್ನೆರಡು ಸಲ ನಡೆಯಿತು.

ಕೊನೆಗೆ ಒಬ್ಬ ಮನೋವೈದ್ಯೆಯ ಬಳಿಗೆ ಹೋದೆ. ಆಕೆ ಮೊದಲು ಮಾಡಿದ ಉಪಕಾರವೆಂದರೆ ಆ 'ಅಷ್ಟೆ'ಯನ್ನು ಬಿಡಿಸಿ ಹೇಳಿದ್ದು. ಪ್ರಾಣಿಗೆ ಅಪಾಯ ಕಂಡರೆ ಕಾದಾಡಲೋ ಓಡಲೋ ದೇಹ ತಾನಾಗಿ ಸಜ್ಜಾಗುತ್ತದೆ. ಇದನ್ನು ವಾಲ್ಟರ್ ಕ್ಯಾನನ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞ 1915ರಲ್ಲಿ ವಿವರಿಸಿದ. ಎದೆ ಬಡಿಯುವುದು, ಬೆವರುವುದು, ಉಸಿರು ವೇಗವಾಗುವುದು ಎಲ್ಲವೂ ಆ ಸಜ್ಜಿನ ಅಂಗಗಳು. ಹುಲಿ ಎದುರಿಗಿದ್ದರೆ ಓಡಿ ಖರ್ಚು ಮಾಡಬಹುದು. ಹಾಸಿಗೆಯ ಮೇಲೆ ಕುಳಿತವನು ಬರಿದೆ ವೇಗವಾಗಿ ಉಸಿರಾಡುತ್ತಾನೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಕಡಿಮೆಯಾಗುತ್ತದೆ. ಮಿದುಳಿನ ರಕ್ತನಾಳಗಳು ತುಸು ಸಂಕುಚಿಸಿ ತಲೆ ತಿರುಗುತ್ತದೆ. ರಕ್ತದ ಕ್ಷಾರಗುಣ ಏರಿ, ಅದರ ಕ್ಯಾಲ್ಸಿಯಂ ನರಗಳಿಗೆ ಸಾಕಷ್ಟು ಒದಗದೆ, ಬೆರಳಲ್ಲೂ ತುಟಿಯಲ್ಲೂ ಜುಮುಗುಟ್ಟುತ್ತದೆ. ಜುಮುಗುಟ್ಟಿತೆಂದು ಭಯ, ಭಯದಿಂದ ಇನ್ನಷ್ಟು ಉಸಿರು, ಉಸಿರಿನಿಂದ ಇನ್ನಷ್ಟು ಜುಮು. ದೇಹದ ಸಾಧಾರಣ ಸದ್ದನ್ನು ಸರ್ವನಾಶದ ಸೂಚನೆಯೆಂದು ಓದುವುದೇ ಈ ಚಕ್ರದ ಕೀಲೆಂದು ಡೇವಿಡ್ ಕ್ಲಾರ್ಕ್ ಎಂಬ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ 1986ರಲ್ಲಿ ಬರೆದರಂತೆ. ತಿಳಿಯುವುದರಿಂದ ಅರ್ಧ ಭಾರ ಇಳಿಯಿತು. ಇನ್ನರ್ಧ ಹಾಗೆಯೇ ಇತ್ತು.

ಏಕೆಂದರೆ ಭಯ ತಿಳುವಳಿಕೆಯನ್ನು ಕೇಳುವುದಿಲ್ಲ, ಸಾಕ್ಷ್ಯ ಕೇಳುತ್ತದೆ. ನಾನು ಮೂವತ್ತೊಂದು ವರ್ಷ ಒಂದು ನ್ಯಾಯಾಲಯದ ಕಚೇರಿಯಲ್ಲಿ ಕಡತ ಹೊತ್ತವನು. ಸಾಕ್ಷಿ ಕಟ್ಟೆಯ ರೀತಿನೀತಿ ಬಲ್ಲೆ. ಆದರೆ ಇಂಥ ನ್ಯಾಯಾಧೀಶನನ್ನು ನೋಡಿರಲಿಲ್ಲ. ಮೊದಲ ಸಾಕ್ಷಿ ಎಡಗೈ: ಮೇಲೆತ್ತು, ಹತ್ತು ಎಣಿಸುವ ತನಕ ಹಿಡಿ. ಎರಡನೆಯ ಸಾಕ್ಷಿ ಕನ್ನಡಿ: ನಗು, ಬಾಯಿ ಸೊಟ್ಟಗಿದೆಯೋ ನೋಡು. ಮೂರನೆಯದು ನಾಲಿಗೆ: ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಪ್ರಭವ, ವಿಭವ, ಶುಕ್ಲ ಎಂದು ಅರವತ್ತು ಸಂವತ್ಸರಗಳನ್ನೂ ತೊದಲದೆ ಒಪ್ಪಿಸು. ಹೊರಗಿನಿಂದ ಕೇಳಿಸಿಕೊಂಡ ನನ್ನ ಹೆಂಡತಿ, ಇವರಿಗೆ ಈ ವಯಸ್ಸಿನಲ್ಲಿ ಪಂಚಾಂಗದ ಮೇಲೆ ಭಕ್ತಿ ಹುಟ್ಟಿತೆಂದು ಸಂತೋಷಪಟ್ಟಿದ್ದಳು. ನಾಲ್ಕನೆಯ ಸಾಕ್ಷಿ ಬಿ.ಪಿ. ಯಂತ್ರ. ಡಾಕ್ಟರು ಹೇಳಿದ್ದು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಭಯ ಕರೆಸುತ್ತಿದ್ದುದು ದಿನಕ್ಕೆ ಇಪ್ಪತ್ತು ಸಲ. ಗಾಬರಿಯಲ್ಲಿ ಅಳೆದರೆ ಅಂಕಿ ಏರಿಯೇ ಇರುತ್ತದೆ. ಏರಿದ ಅಂಕಿಯನ್ನು ನೋಡಿದರೆ ಗಾಬರಿ ಏರುತ್ತದೆ. ಸಾಕ್ಷಿಯೇ ಆರೋಪಿಯಾಗುವ ಕಚೇರಿ ಇದು.

ಎಲ್ಲ ಸಾಕ್ಷಿಗಳೂ ನನ್ನ ಪರ ನುಡಿದರೂ ತೀರ್ಪಿಲ್ಲ, ವಾಯಿದೆ ಮಾತ್ರ. ಮೊದಮೊದಲು ಸ್ಕ್ಯಾನ್ ವರದಿ ಒಂದು ವಾರ ಸಮಾಧಾನ ಕೊಟ್ಟಿತು. ಎರಡನೆಯದು ಎರಡು ದಿನ. ಕೈಯೆತ್ತಿ ನೋಡಿದ ಸಮಾಧಾನ ಕಡೆಕಡೆಗೆ ಕೈ ಇಳಿಸುವ ತನಕವೂ ಬಾಳುತ್ತಿರಲಿಲ್ಲ.

"ಹಾಗಾದರೆ ಪರೀಕ್ಷೆ ಮಾಡಿಕೊಳ್ಳುವುದನ್ನು ಬಿಟ್ಟರಾಯಿತು" ಎಂದು ನೀವು ಹೇಳಬಹುದು. ತೊಡಕಿರುವುದು ಇಲ್ಲೇ. ಇತರರ ಗಾಬರಿಯಲ್ಲಿ ಹುಲಿ ಬರಿಯ ಕಲ್ಪನೆ. ನಮ್ಮ ವಿಷಯದಲ್ಲಿ ಹುಲಿ ಒಮ್ಮೆ ನಿಜವಾಗಿ ಬಂದು ಹೋಗಿದೆ, ಮತ್ತೆ ಬರುವುದಿಲ್ಲವೆಂದು ಯಾವ ವೈದ್ಯನೂ ಬರೆದು ಕೊಡುವಂತಿಲ್ಲ. ಬಂದರೆ ಹೊತ್ತು ಕಳೆಯುವಂತಿಲ್ಲ. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಚಿಕಿತ್ಸೆಯಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಲೆಕ್ಕ ಹಾಕಿದ್ದಾರೆ. ಆದ್ದರಿಂದ ಹುಲಿ ಬಂತು ಹುಲಿ ಎಂದು ಕೂಗುವ ಹುಡುಗನನ್ನು ನಂಬಿದರೂ ಕಷ್ಟ, ನಂಬದಿದ್ದರೂ ಕಷ್ಟ. ಆ ಹುಡುಗನೋ ನಮ್ಮ ತಲೆಯೊಳಗೇ ಕುಳಿತಿದ್ದಾನೆ.

ಮನೋವೈದ್ಯೆ ತೋರಿಸಿದ ದಾರಿ ಕಚೇರಿಯಲ್ಲಿ ದುಡಿದವನಿಗೆ ತಟ್ಟನೆ ಹಿಡಿಸಿತು. ಕಾನೂನು ಮಾಡುವವನು ಬೇರೆ, ತೀರ್ಪು ಕೊಡುವವನು ಬೇರೆ ಇರಬೇಕಲ್ಲವೆ? ರಾತ್ರಿ ಎರಡು ಗಂಟೆಗೆ ಬೆವರುತ್ತ ಕುಳಿತವನು ಕಾನೂನನ್ನೂ ತಾನೇ ಮಾಡಿಕೊಳ್ಳುತ್ತ ಹೋದರೆ ಕೊನೆಯೆಲ್ಲಿ? ಅದಕ್ಕಾಗಿ ಹಗಲು ಹೊತ್ತಿನಲ್ಲಿ, ನನ್ನ ನರರೋಗ ತಜ್ಞರನ್ನೂ ಕೇಳಿ, ಒಂದು ಹಾಳೆ ಬರೆದೆವು. ಅದು ಈಗಲೂ ಬೀರುವಿನ ಬಾಗಿಲಿನ ಮೇಲಿದೆ.

ಮೊದಲ ಭಾಗ ಹೀಗೆ: ಇದ್ದಕ್ಕಿದ್ದಂತೆ ಮುಖದ ಒಂದು ಕಡೆ ಜೋತರೆ, ಒಂದು ಕೈಯೋ ಕಾಲೋ ಸೋತರೆ ಅಥವಾ ಸ್ಪರ್ಶ ಕಳೆದುಕೊಂಡರೆ, ಮಾತು ತೊದಲಿದರೆ ಅಥವಾ ಎದುರಿನವರ ಮಾತು ತಿಳಿಯದಿದ್ದರೆ, ಕಣ್ಣು ಕಾಣದಾದರೆ, ನಿಲ್ಲಲಾರದಷ್ಟು ತೂಕ ತಪ್ಪಿದರೆ, ಎಂದೂ ಕಾಣದ ಘೋರ ತಲೆನೋವು ಬಂದರೆ, 108ಕ್ಕೆ ಕರೆ, ಗಡಿಯಾರ ನೋಡಿ ಹೊತ್ತು ಬರೆದಿಡುವುದು. ಎದೆನೋವಿಗೂ ಇದೇ ಕ್ರಮ. ಐದು ನಿಮಿಷದಲ್ಲಿ ತಾನಾಗಿ ಸರಿಹೋದರೂ ಹೋಗಿಯೇ ತೀರುವುದು. ಲಕ್ಷಣ ಇದೆಯೋ ಇಲ್ಲವೋ ಎಂಬ ಅನುಮಾನ ನೋಡುವವರಿಗೂ ಬಂದರೆ, ಹೋಗುವುದೇ ಸರಿ. ಚರ್ಚೆಯಿಲ್ಲ, ನಾಚಿಕೆಯಿಲ್ಲ.

ಎರಡನೆಯ ಭಾಗ: ಇವು ಯಾವುವೂ ಇಲ್ಲದೆ ಎದೆ ಬಡಿತ, ಬೆವರು, ಎರಡೂ ಕೈಗಳಲ್ಲಿ ಜುಮು, ಇನ್ನೇನೋ ಆಗಿಬಿಡುತ್ತದೆಂಬ ದಿಗಿಲು ಮಾತ್ರ ಇದ್ದರೆ, ಕುರ್ಚಿಯಲ್ಲಿ ಕುಳಿತುಕೊಳ್ಳುವುದು. ಉಸಿರನ್ನು ಎಳೆಯುವುದಕ್ಕಿಂತ ಬಿಡುವುದನ್ನು ನಿಧಾನ ಮಾಡುವುದು. ಹತ್ತು ನಿಮಿಷ ಕಾಯುವುದು. ಇಂಥ ಅಲೆ ಸಾಮಾನ್ಯವಾಗಿ ಅಷ್ಟರಲ್ಲಿ ತನ್ನ ತುದಿ ಮುಟ್ಟಿ ಇಳಿಯತೊಡಗುತ್ತದೆ. ಕನ್ನಡಿ ಇಲ್ಲ, ಯಂತ್ರ ಇಲ್ಲ, ಸಂವತ್ಸರಗಳಿಲ್ಲ. ಪರೀಕ್ಷೆಯ ಅಧಿಕಾರ ನನ್ನ ಹೆಂಡತಿಯದು. ಆಕೆ ಒಮ್ಮೆ ಮುಖ ನೋಡುತ್ತಾಳೆ, ಎರಡು ಕೈ ಎತ್ತಿಸುತ್ತಾಳೆ, ಒಂದು ಮಾತಾಡಿಸುತ್ತಾಳೆ. ಒಂದೇ ಸಲ. ಮೇಲ್ಮನವಿಗೆ ಅವಕಾಶವಿಲ್ಲ.

ಬರೆದಷ್ಟು ಸುಲಭವಾಗಿ ನಡೆಯಿತೆಂದು ತಿಳಿಯಬೇಡಿ. ಸಾಕ್ಷಿಯನ್ನು ಕರೆಸದೆ ಹತ್ತು ನಿಮಿಷ ಕುಳಿತಿರುವುದೆಂದರೆ ಕೆಂಡದ ಮೇಲೆ ಕುಳಿತ ಹಾಗೆ. ಮನೋವೈದ್ಯೆ ಒಂದು ಮಾತ್ರೆ ಕೊಟ್ಟರು. ಅದು ಕೆಲಸ ಮಾಡಲು ಕೆಲವು ವಾರ ಹಿಡಿಯಿತು. ಬಿ.ಪಿ.ಯ ಮಾತ್ರೆಗೆ ನಾಚದವನು ಇದಕ್ಕೇಕೆ ನಾಚಬೇಕೆಂದು ನುಂಗಿದೆ. ಹೃದಯದ ಡಾಕ್ಟರ ಒಪ್ಪಿಗೆ ಪಡೆದು, ತಮ್ಮ ಎದುರಿಗೇ ಮೆಟ್ಟಿಲು ಹತ್ತಿಸಿ ಇಳಿಸಿದರು. ಮೇಲೆ ನಿಂತಾಗ ಎದೆ ಬಡಿಯುತ್ತಿತ್ತು, ಉಸಿರು ಮೇಲಕ್ಕೆ ಬಂದಿತ್ತು, ಬೆವರಿತ್ತು. "ಇದು ಯಾರ ಹಾಗಿದೆ?" ಎಂದು ಕೇಳಿದರು. ರಾತ್ರಿ ಎರಡು ಗಂಟೆಯ ಅದೇ ಅತಿಥಿ; ಹಗಲಿನಲ್ಲಿ, ಮೆಟ್ಟಿಲ ಮೇಲೆ ಅವನಿಗೆ ದಣಿವು ಎಂದು ಹೆಸರು. ಅಂದಿನಿಂದ ಆ ಸದ್ದು ಅಷ್ಟೊಂದು ಅಪರಿಚಿತವಾಗಲಿಲ್ಲ.

ಮನೆಯವರಿಗೆ ಒಂದು ಮಾತು. "ನಿಮಗೇನೂ ಆಗುವುದಿಲ್ಲ" ಎಂಬುದು ಪ್ರೀತಿಯ ಮಾತೇ. ಆದರೆ ಆಗಿದ್ದವನಿಗೆ ಅದು ಸುಳ್ಳಾಗಿ ಕೇಳುತ್ತದೆ. "ಧೈರ್ಯ ತಂದುಕೊಳ್ಳಿ" ಎಂದರೆ, ಎಲ್ಲಿಂದ ತರಲಿ ಎನ್ನಿಸುತ್ತದೆ. ನನ್ನ ಹೆಂಡತಿ ಹೇಳುವುದು ಇಷ್ಟೆ: "ಬನ್ನಿ, ಹಾಳೆ ನೋಡೋಣ." ಪಕ್ಕದಲ್ಲಿ ಹೇಳಿಕೊಳ್ಳಲು ಜನವಿಲ್ಲದವರೂ ಊರಲ್ಲಿ ಬಹಳ. ಅವರಿಗಾಗಿ 2022ರಲ್ಲಿ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಆರಂಭವಾಗಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಆದರೆ ಹಾಳೆಯ ಮೊದಲ ಭಾಗದ ಲಕ್ಷಣ ಕಂಡಾಗ 108 ಒಂದೇ ದಾರಿ.

ಬೇಸರವಾದಾಗ ನಾನು ನೆನೆಯುವುದು ಲೂಯಿ ಪಾಶ್ಚರನನ್ನು. 1868ರ ಅಕ್ಟೋಬರಿನಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ಆತನ ಎಡಭಾಗಕ್ಕೇ ಪೆಟ್ಟು ಬಿದ್ದಿತು. ಆ ಊನ ಪೂರ್ತಿ ಹೋಗಲೇ ಇಲ್ಲ. ಹುಚ್ಚುನಾಯಿ ಕಡಿದ ಹುಡುಗನಿಗೆ ಆತನ ಲಸಿಕೆ ಹಾಕಿದ್ದು 1885ರಲ್ಲಿ; ಆತ ತೀರಿಕೊಂಡದ್ದು 1895ರಲ್ಲಿ. ಲಸಿಕೆ ಕಂಡುಹಿಡಿಯುವುದು ನನ್ನಿಂದಾಗುವ ಕೆಲಸವಲ್ಲ. ನನಗೆ ಬೇಕಾದದ್ದು ನಡುವಿನ ಇಪ್ಪತ್ತೇಳು ವರ್ಷಗಳು. ಅಷ್ಟು ವರ್ಷ ಆತನಿಗೂ ನಾಳೆಯ ಬಗ್ಗೆ ಯಾರೂ ಮುಚ್ಚಳಿಕೆ ಬರೆದು ಕೊಟ್ಟಿರಲಿಲ್ಲ. ಯೋಚಿಸಿ ನೋಡಿದರೆ ಅಂಥ ಮುಚ್ಚಳಿಕೆ ನಿಮ್ಮ ಹತ್ತಿರವೂ ಇಲ್ಲ. ನೀವು ಕೇಳಿಲ್ಲ, ಅದರಿಂದ ಇಲ್ಲವೆಂಬುದು ಗೊತ್ತಾಗಿಲ್ಲ. ನಾನು ಕೇಳಿ ಕೇಳಿ ದಣಿದು ಈಗ ಕೇಳುವುದನ್ನು ಕಡಿಮೆ ಮಾಡಿದ್ದೇನೆ.

ಅಲೆ ಈಗಲೂ ಬರುತ್ತದೆ, ತಿಂಗಳಿಗೆ ಒಂದೋ ಎರಡೋ. ಬಂದಾಗ ಕುರ್ಚಿ, ಗಡಿಯಾರ, ಹತ್ತು ನಿಮಿಷ. ಕಳೆದ ವಾರ ಒಂದು ದಿನ ರಾತ್ರಿ ಊಟವಾದ ಮೇಲೆ ನನ್ನ ಹೆಂಡತಿ, "ಸಂಜೆ ಬಿ.ಪಿ. ನೋಡಿಕೊಳ್ಳಲೇ ಇಲ್ಲವಲ್ಲ!" ಎಂದಳು. ನೋಡಿಕೊಂಡಿರಲಿಲ್ಲ, ನೆನಪೇ ಆಗಿರಲಿಲ್ಲ. ಮರೆವಿಗೆ ಹೆದರಬೇಕಾದ ವಯಸ್ಸು ನನ್ನದು. ಆದರೆ ಒಂದು ಮರೆವು ಮನೆಯಲ್ಲಿ ಇಬ್ಬರಿಗೂ ಇಷ್ಟು ಸಂತೋಷ ಕೊಟ್ಟದ್ದು ಅದೇ ಮೊದಲು.