ಕೊನೆ ಇಲ್ಲ

ನಮ್ಮ ಮಗನಿಗೆ ಈಗ ಹದಿನೈದು. ರೋಣದ ನಮ್ಮ ಮನೆಯಲ್ಲಿರುವ ಕಂಪ್ಯೂಟರಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಗಜೇಂದ್ರಗಡದಲ್ಲಿರುವ ಅವನ ಮಾಮು ತಮ್ಮ ಅಂಗಡಿಗೆ ಹೊಸದನ್ನು ತಂದಾಗ ಹಳೆಯದನ್ನು ಬಸ್ಸಿನಲ್ಲಿ ಹಾಕಿ ಕಳಿಸಿಕೊಟ್ಟಿದ್ದರು. ಅದರಲ್ಲಿ ಈಗಿನ ಆಟಗಳು ಓಡುವುದಿಲ್ಲ. ಹಾಗಾಗಿ ಹುಬ್ಬಳ್ಳಿಯಿಂದ ಗೆಳೆಯನೊಬ್ಬ ತಂದುಕೊಟ್ಟ ಹಳೆಯ ಡಿಸ್ಕುಗಳೇ ಅವನಿಗೆ ಗತಿ. ಕಳೆದ ಬೇಸಿಗೆ ರಜೆಯಲ್ಲಿ ಒಂದು ರಾತ್ರಿ ಅವನು ನಾವು ಓದುತ್ತಾ ಕೂತಿದ್ದ ಕೋಣೆಗೆ ಬಂದು ನಿಂತ.

'ಅಬ್ಬಾ, ನೀವು ಕಥೆ ಬರೆಯುವವರು. ಇದು ಮುಗಿಯಿತೋ ಇಲ್ಲವೋ, ನೋಡಿ ಹೇಳಿ.'

ಎದ್ದು ಹೋಗಿ ನೋಡಿದೆವು. ಅದು 2008ರಲ್ಲಿ ಬಂದ 'ಪ್ರಿನ್ಸ್ ಆಫ್ ಪರ್ಷಿಯಾ'. ಕಥೆಯನ್ನು ಮಗನೇ ಹೇಳಿದ. ಅಲೆಮಾರಿಯೊಬ್ಬ ಎಲಿಕಾ ಎಂಬ ರಾಜಕುಮಾರಿಯ ಜೊತೆಗೂಡಿ, ಅಹ್ರಿಮನ್ ಎಂಬ ದುಷ್ಟಶಕ್ತಿಯನ್ನು ಮತ್ತೆ ಸೆರೆಯಲ್ಲಿಡಲು ಊರೂರು ಅಲೆಯುತ್ತಾನೆ. ಕೊನೆಗೆ ಎಲಿಕಾ ತನ್ನ ಪ್ರಾಣ ಕೊಟ್ಟು ಅದನ್ನು ಸೆರೆಹಿಡಿಯುತ್ತಾಳೆ. ಅವಳ ಸಾವನ್ನು ತಾಳಲಾರದೆ ಆತ ಒಂದೊಂದೇ ಮರ ಕಡಿದು, ಇಷ್ಟು ಹೊತ್ತು ಇಬ್ಬರೂ ಕೂಡಿ ಮಾಡಿದ್ದನ್ನೆಲ್ಲ ತಾನೇ ಕೆಡಿಸಿ, ಅವಳ ಜೀವವನ್ನು ಮರಳಿ ತರುತ್ತಾನೆ. ಅವಳನ್ನು ಎತ್ತಿಕೊಂಡು ಅವನು ನಡೆಯುವಾಗ ಹಿಂದೆ ಅಹ್ರಿಮನ್ ಮೇಲೇಳುತ್ತಾನೆ. ಪರದೆ ಕಪ್ಪಾಗುತ್ತದೆ.

'ಚೆನ್ನಾಗಿದೆಯಲ್ಲ, ಇದೂ ಒಂದು ಕೊನೆಯೇ' ಎಂದೆವು.

'ಅಲ್ಲ ಅಬ್ಬಾ, ಇದರ ಮುಂದಿನ ಭಾಗ 2009ರಲ್ಲಿ ಬೇರೆಯಾಗಿ ಮಾರಾಟಕ್ಕೆ ಬಂತಂತೆ. ಟಿವಿಗೆ ಜೋಡಿಸಿ ಆಡುವ ಎರಡು ಯಂತ್ರಗಳಿಗೆ ಮಾತ್ರ. ಕಂಪ್ಯೂಟರಿನವರಿಗೆ ಹಣ ಕೊಟ್ಟರೂ ಇಲ್ಲ.'

ಅವನ ಮುಖ ನೋಡಿ ನಗು ಬಂತು. ಆದರೆ ಆ ರಾತ್ರಿ ನಿದ್ದೆ ಬೇಗ ಬರಲಿಲ್ಲ. ಅದಕ್ಕೆ ಕಾರಣ ಮಗನ ಆಟವಷ್ಟೇ ಆಗಿರಲಿಲ್ಲ. ಆ ಮಾತನ್ನು ಮುಂದೆ ಹೇಳುತ್ತೇವೆ.

ಇದೇ ಹೆಸರಿನ ಮೊದಲ ಆಟ ನಮಗೂ ಗೊತ್ತು. ಜೋರ್ಡಾನ್ ಮೆಕ್ನರ್ ಎಂಬ ಅಮೆರಿಕದ ಯುವಕ ಮಾಡಿ 1989ರಲ್ಲಿ ಹೊರತಂದದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಗದಗಿನಲ್ಲಿ ಕಂಪ್ಯೂಟರ್ ಕಲಿಯಲು ಹೋದಾಗ, ಮೇಷ್ಟ್ರು ಚಹಾಕ್ಕೆ ಎದ್ದು ಹೋದ ಕೂಡಲೇ ನಾವೆಲ್ಲ ಅದನ್ನೇ ತೆರೆಯುತ್ತಿದ್ದೆವು. ಬಿಳಿ ಬಟ್ಟೆಯ ಹುಡುಗ, ನೆಲಮಾಳಿಗೆ, ಮುಳ್ಳಿನ ಹಾಸು, ವಜೀರ ಜಾಫರನ ಸೆರೆಯಲ್ಲಿರುವ ಶಾಹಜಾದಿ. ಅವಳನ್ನು ಬಿಡಿಸಲು ಸರಿಯಾಗಿ 60 ನಿಮಿಷ. ಉರ್ದು ಶಾಲೆಯಲ್ಲಿ ಅಲಿಫ್ ಲೈಲಾದ ಕಥೆಗಳನ್ನು ಓದಿದ್ದ ನಮಗೆ ಅದು ನಮ್ಮದೇ ಓಣಿಯ ಕಥೆ ಎನ್ನಿಸಿತ್ತು. ಬಿಡಿಸಿದರೆ ಅವಳು ಓಡಿ ಬಂದು ಅಪ್ಪಿಕೊಳ್ಳುತ್ತಿದ್ದಳು. ಅಲ್ಲಿಗೆ ಮುಗಿಯಿತು. ಬಿಡಿಸಲಾಗದಿದ್ದರೆ ಅದು ನಮ್ಮ ಬೆರಳುಗಳ ಸೋಲು, ಜೇಬಿನ ಸೋಲಲ್ಲ.

ಹಾಗೆಂದು ಆಟಕ್ಕೆ ಬಾಲ ಸೇರಿಸಿ ಮಾರುವುದು ನಿನ್ನೆ ಮೊನ್ನೆಯದಲ್ಲ. ಒಂದು ಆಟ ಚೆನ್ನಾಗಿ ಓಡಿದರೆ ಅದರ ಮುಂದುವರಿದ ಭಾಗವನ್ನು ಬೇರೆ ಸಿಡಿಯಲ್ಲಿ ಮಾರುವ ರೂಢಿ ಆಗಲೂ ಇತ್ತು. ಆಟದ ಯಂತ್ರಗಳಿಗೆ ಇಂಟರ್ನೆಟ್ ಬಂದ ಮೇಲೆ ಸಿಡಿಯ ಖರ್ಚೂ ಉಳಿಯಿತು, ಸಣ್ಣಪುಟ್ಟ ತುಂಡುಗಳನ್ನೂ ಮಾರುವುದು ಸುಲಭವಾಯಿತು. 2006ರಲ್ಲಿ 'ಆಬ್ಲಿವಿಯನ್' ಎಂಬ ಆಟದ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ ಜನ ನಕ್ಕಿದ್ದರಂತೆ. ಕುದುರೆಯ ಕವಚ ಇಲ್ಲದಿದ್ದರೆ ಕಥೆಗೇನೂ ನಷ್ಟವಿಲ್ಲ. ಕಥೆಯನ್ನೇ ತುಂಡು ಮಾಡಿ ಮಾರಿದಾಗ ನಗು ನಿಂತಿತು.

2012ರಲ್ಲಿ ಆ ಜಗಳ ದೊಡ್ಡದಾಯಿತು. ಬಯೋವೇರ್ ಎಂಬ ಕಂಪನಿಯ 'ಮಾಸ್ ಎಫೆಕ್ಟ್ 3' ಮಾರ್ಚ್ ತಿಂಗಳಲ್ಲಿ ಬಂತು. ಬಂದ ದಿನವೇ, 50,000 ವರ್ಷಗಳ ಹಿಂದೆ ಅಳಿದುಹೋದ ಜನಾಂಗದ ಕೊನೆಯವನಾದ ಜಾವಿಕ್ ಎಂಬ ಪಾತ್ರವನ್ನು ಹತ್ತು ಡಾಲರಿಗೆ ಬೇರೆಯಾಗಿ ಮಾರಾಟಕ್ಕಿಟ್ಟರು. ಹೆಚ್ಚಿನ ಬೆಲೆಯ ಪ್ರತಿ ಕೊಂಡವರಿಗೆ ಅವನು ಪುಕ್ಕಟೆ. ಆ ಜನಾಂಗದ ಅಳಿವಿನ ಸುತ್ತಲೇ ಮೂರೂ ಆಟಗಳ ಕಥೆ ಕಟ್ಟಿದೆ. ಆಡುವವರು ಡಿಸ್ಕನ್ನು ತಡಕಿ ನೋಡಿದಾಗ ಜಾವಿಕ್‌ನ ಕೆಲವು ಭಾಗಗಳು ಅದರಲ್ಲೇ ಇದ್ದವು. ಕೊಂಡ ಪೆಟ್ಟಿಗೆಯ ಬೀಗಕ್ಕೆ ಮತ್ತೆ ಹಣ ಕೇಳಿದಂತಾಯಿತು ಎಂದು ಅವರು ರೇಗಿದರು. ಅದೇ ವರ್ಷ ಬಂದ 'ಅಸುರಾಸ್ ವ್ರಾತ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಮ್ಮ ಪುರಾಣದ ಅಸುರನ ಹೆಸರು ಹೊತ್ತ ಆ ಆಟದ ನಿಜವಾದ ಅಂತ್ಯ 'ನಿರ್ವಾಣ' ಎಂಬ ಹೆಸರಿನಲ್ಲಿ ಬೇರೆಯಾಗಿ ಮಾರಾಟವಾಯಿತು. ನಿರ್ವಾಣಕ್ಕೂ ಬೆಲೆಚೀಟಿ!

ಕಂಪನಿಯವರ ಮಾತನ್ನೂ ಕೇಳಬೇಕು. ಆಟ ಸಿದ್ಧವಾದ ಮೇಲೆ ಅದನ್ನು ಪರೀಕ್ಷೆಗೆ ಕಳಿಸಿ, ಡಿಸ್ಕು ಅಚ್ಚು ಹಾಕಿಸಿ, ಅಂಗಡಿ ತಲುಪಿಸಲು ವಾರಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ಬರೆಯುವವರು, ಚಿತ್ರ ಬಿಡಿಸುವವರು ಸುಮ್ಮನೆ ಕೂರಬೇಕೇ? ಆ ಸಮಯದಲ್ಲಿ, ಬೇರೆ ಹಣದಲ್ಲಿ ಮಾಡಿದ ಕೆಲಸ ಇದು. ಮುಂದೆ ಸೇರಿಸಲು ಅನುಕೂಲವಾಗಲೆಂದು ಪಾತ್ರದ ಚೌಕಟ್ಟನ್ನು ಡಿಸ್ಕಿನಲ್ಲಿ ಇಟ್ಟಿದ್ದೆವು ಎಂದು ಬಯೋವೇರ್ ಹೇಳಿತು. ಈ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆವು. ಅದೇ ಆಟದ ಅಂತ್ಯ ಸರಿಯಿಲ್ಲವೆಂದು ಜನ ಗದ್ದಲ ಮಾಡಿದಾಗ, ಅಂತ್ಯವನ್ನು ಹಿಗ್ಗಿಸಿ ಜೂನ್ ತಿಂಗಳಲ್ಲಿ ಪುಕ್ಕಟೆಯಾಗಿಯೇ ಕೊಟ್ಟರು. ಪೋಲೆಂಡಿನ ಕಂಪನಿಯೊಂದು 2015ರಲ್ಲಿ 'ವಿಚರ್ 3' ಎಂಬ ಆಟ ಮಾಡಿ, ಹದಿನಾರು ಸಣ್ಣ ಸೇರ್ಪಡೆಗಳನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟಿತು. ಮುಖ್ಯ ಕಥೆಯನ್ನು ಪೂರ್ತಿ ಮುಗಿಸಿ, ಆಮೇಲೆ ಎರಡು ಹೊಸ ಕಥೆಗಳನ್ನು ಮಾಡಿ ಮಾರಿತು. ಅದನ್ನು ಮೋಸವೆಂದು ಯಾರೂ ಕರೆಯಲಿಲ್ಲ.

ಕಥೆಯನ್ನು ತಡೆದು ಹಿಡಿಯುವುದೇ ತಪ್ಪು ಎಂದರೆ ಕಥೆಗಾರರ ಕುಲಕ್ಕೇ ಶಿಕ್ಷೆಯಾಗಬೇಕಾಗುತ್ತದೆ. ಶಹರ್ಜಾದ್ ಪ್ರತಿ ಬೆಳಗು ಕಥೆಯನ್ನು ನಡುವೆ ನಿಲ್ಲಿಸಿದ್ದು ತನ್ನ ಕೊರಳನ್ನು ಉಳಿಸಿಕೊಳ್ಳಲು. ಉರ್ದುವಿನ ದಾಸ್ತಾನ್‌ಗಾರರಲ್ಲಿ 'ದಾಸ್ತಾನ್ ರೋಕ್‌ನಾ' ಎಂಬುದೇ ಒಂದು ವಿದ್ಯೆ. ಪ್ರೇಮಿಗಳಿಬ್ಬರ ನಡುವೆ ಒಂದು ಪರದೆ ಮಾತ್ರ ಉಳಿದಿರುವಾಗ ಕಥೆಯನ್ನು ನಿಲ್ಲಿಸಿ, ಆ ಪರದೆ ಸರಿಯುವ ಮುನ್ನ ದಿನಗಟ್ಟಲೆ ಮಾತು ಬೆಳೆಸಿದ ಉಸ್ತಾದನೊಬ್ಬನ ಬಗ್ಗೆ ಹೇಳುತ್ತಾರೆ. ನಮ್ಮ ಕಡೆಯ ದೊಡ್ಡಾಟದಲ್ಲಿ ಯುದ್ಧ ಇನ್ನೇನು ನಡೆಯಬೇಕು ಎನ್ನುವಾಗ ಸಾರಥಿ ಮುಂದೆ ಬಂದು ಆಯೇರ ಓದುತ್ತಿದ್ದ. ಇಂಥವರಿಂದ ಐದು ರೂಪಾಯಿ, ಇಂಥವರಿಂದ ಟವೆಲ್ಲು. ಭೀಮನೂ ದುರ್ಯೋಧನನೂ ಗದೆ ಹಿಡಿದು ಸುಮ್ಮನೆ ನಿಂತಿರುತ್ತಿದ್ದರು. ಹಣಕ್ಕಾಗಿ ಕಥೆ ನಿಂತದ್ದೇ ಅದು. ಆದರೆ ಐದು ರೂಪಾಯಿ ಕೊಟ್ಟವನಿಗೂ, ಏನೂ ಕೊಡದೆ ಚೀಲ ಹಾಸಿಕೊಂಡು ನೆಲದಲ್ಲಿ ಕೂತವನಿಗೂ ಬೆಳಗಿನ ಜಾವ ಅದೇ ದುರ್ಯೋಧನ ಬೀಳುತ್ತಿದ್ದ. ಕೊಟ್ಟವರು ಕೊಡದವರ ಪಾಲನ್ನೂ ಕೊಟ್ಟಿರುತ್ತಿದ್ದರು.

ಮೊಹರಮ್ಮಿನಲ್ಲಿ ರಿವಾಯತ್ ಪದ ಹಾಡುವವರೂ ಹಾಗೆಯೇ. ಕರ್ಬಲಾದಲ್ಲಿ ಏನಾಯಿತೆಂದು ಕೇಳುವವರಿಗೆಲ್ಲ ಗೊತ್ತು. ಹಿಂದೂಗಳಿಗೂ ಗೊತ್ತು, ಮುಸ್ಲಿಮರಿಗೂ ಗೊತ್ತು. ನರಗುಂದದ ಬಾಬಾಸಾಹೇಬನನ್ನು 1858ರ ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರೆಂದು ಆ ಊರಿನ ಹುಡುಗರಿಗೆಲ್ಲ ಗೊತ್ತು. ಆದರೂ ಕೇಳುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ. ತನ್ನ ಕಥೆಯ ಮೇಲೆ ನಂಬಿಕೆಯಿದ್ದವನು ಕೊನೆಯನ್ನು ಬಚ್ಚಿಡಬೇಕಾಗಿಲ್ಲ.

ಗಜೇಂದ್ರಗಡಕ್ಕೆ ಹೋದಾಗ ನಮ್ಮ ಮೈದುನನ ಅಂಗಡಿಗೆ ಸೀರೆ ತರುವ ಹಿರಿಯ ನೇಕಾರರೊಬ್ಬರ ಮುಂದೆ ಮಗ ತನ್ನ ದೂರು ಹೇಳಿಕೊಂಡ. ಅವರಿಗೆ ಆಟ ತಿಳಿಯದಿದ್ದರೂ ನ್ಯಾಯ ತಿಳಿಯಿತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ರೇಷ್ಮೆ ಹಾಸೇ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅದನ್ನು ನೆನಪಿಸಿ ಅವರು, 'ಸೆರಗು ಬ್ಯಾರೆ ನೇಯಬಹುದಪಾ, ಬ್ಯಾರೆ ಮಾರಾಕ ಬರಂಗಿಲ್ಲ. ಸೆರಗಿಲ್ಲದ್ದು ಮಾರಿದರ ಅದನ್ನ ಸೀರಿ ಅಂತ ಕರೀಬಾರದು' ಎಂದರು.

ಆ 'ಕರೀಬಾರದು' ಎಂಬ ಮಾತು ನಮಗೆ ನಾಟಿತು. ಏಕೆಂದರೆ ನಾವು ಅಂಥದ್ದೊಂದನ್ನು ಕರೆದವರೇ.

ಹಲವು ವರ್ಷಗಳ ಹಿಂದೆ ಒಂದು ವಾರಪತ್ರಿಕೆಯಲ್ಲಿ ನಮ್ಮ ನೀಳ್ಗತೆ ಧಾರಾವಾಹಿಯಾಗಿ ಬರುತ್ತಿತ್ತು. ಗಂಡನ ಮನೆ ಬಿಟ್ಟು ಹೊರಟ ಹೆಣ್ಣುಮಗಳೊಬ್ಬಳ ಕಥೆ. ಜನ ಓದುತ್ತಿದ್ದರು. ಅದನ್ನು ಪುಸ್ತಕ ಮಾಡುತ್ತೇನೆಂದು ಮುಂದೆ ಬಂದವರು ಒಂದು ಸಲಹೆ ಕೊಟ್ಟರು. ಕೊನೆಯ ಅಧ್ಯಾಯವನ್ನು ಪತ್ರಿಕೆಗೆ ಕೊಡಬೇಡಿ, ಅದು ಪುಸ್ತಕದಲ್ಲಿ ಮಾತ್ರ ಇರಲಿ, ಓದಿದವರೂ ಕೊಳ್ಳುತ್ತಾರೆ. ನಾವು ಒಪ್ಪಿದೆವು. ಆ ಅಧ್ಯಾಯ ಆಗಲೇ ಬರೆದು ಮುಗಿದಿತ್ತು, ನಮ್ಮ ಪೆಟ್ಟಿಗೆಯಲ್ಲಿತ್ತು. ಬರೆಯುವವರಿಗೆ ಸಿಗುವುದೆಷ್ಟು ಎಂದು ನಮ್ಮನ್ನು ನಾವೇ ಸಮಾಧಾನ ಮಾಡಿಕೊಂಡೆವು. ಪತ್ರಿಕೆಗೆ ಕೊಟ್ಟ ಕೊನೆಯ ಕಂತಿನ ಕೆಳಗೆ ನಮ್ಮ ಕೈಯಾರೆ 'ಮುಗಿಯಿತು' ಎಂದು ಬರೆದು ಕಳಿಸಿದೆವು.

ನರಗುಂದದಿಂದ ಒಂದು ಕಾರ್ಡು ಬಂತು. ಬರೆದವರು ಒಬ್ಬ ದರ್ಜಿ. ನಾಲ್ಕು ಅಂಗಡಿಯವರು ಸೇರಿ ಒಂದೇ ಪತ್ರಿಕೆ ತರಿಸಿ ಓದುವವರು. 'ಮುಗಿಯಿತು ಅಂತ ಬರೆದೀರಿ. ಆಕೆ ಮನೆ ಸೇರಿದಳೋ ಇಲ್ಲೋ ಬರೆದಿಲ್ಲ' ಎಂದಷ್ಟೇ ಇತ್ತು. ಪುಸ್ತಕದಲ್ಲಿ ಇದೆ ಎಂದು ನಾವು ಉತ್ತರ ಬರೆದೆವು. ಬರೆಯುವಾಗ ಏನೂ ಅನ್ನಿಸಲಿಲ್ಲ. ಡಬ್ಬಿಗೆ ಹಾಕಿದ ಮೇಲೆ ಅನ್ನಿಸಿತು. ಕೆಲವು ತಿಂಗಳ ನಂತರ ತಾಯಿಯ ತವರಾದ ನರಗುಂದಕ್ಕೆ ಹೋದಾಗ ಪುಸ್ತಕದ ಒಂದು ಪ್ರತಿ ಹಿಡಿದು ಅವರ ಅಂಗಡಿ ಹುಡುಕಿಕೊಂಡು ಹೋದೆವು. ಕೂಡಿಸಿದರು, ಚಹಾ ತರಿಸಿದರು. ಪುಸ್ತಕವನ್ನು ಮಾತ್ರ ಮೇಜಿನ ಮೇಲಿಂದ ನಮ್ಮ ಕಡೆಗೇ ಸರಿಸಿದರು.

'ಇರಲಿ ಬಿಡ್ರಿ ಸಾಹೇಬ್ರ. ಎಲ್ಲಾರೂ ಕೇಳಾಕತ್ತಿದ್ದರು, ನಾನs ಒಂದು ಕೊನಿ ಕಟ್ಟಿ ಹೇಳಿಬಿಟ್ಟೀನಿ. ಆಕೀನ್ನ ಮನಿಗೆ ಕರಕೊಂಡು ಬಂದೀನಿ. ಈಗ ನಿಮ್ಮದು ಓದಿದರ ಮತ್ತ ಆಕಿ ಹೊರಗ ನಿಲ್ಲಬೇಕಾಗತೈತಿ.'

ನಮ್ಮ ಪುಸ್ತಕದಲ್ಲಿ ಅವಳು ಮನೆ ಸೇರುವುದಿಲ್ಲ. ಅದನ್ನು ಅವರಿಗೆ ಹೇಳದೆ ಚಹಾ ಕುಡಿದು ಎದ್ದು ಬಂದೆವು.

ಅದೇ ನರಗುಂದದ ಬಸ್ ನಿಲ್ದಾಣದ ಹತ್ತಿರ ನಾವು ಚಿಕ್ಕವರಿದ್ದಾಗ ಬಾಡಿಗೆ ಪುಸ್ತಕದ ಅಂಗಡಿಯೊಂದಿತ್ತು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು, ಇಬ್ನೆ ಸಫಿಯ ಉರ್ದು ಜಾಸೂಸಿ ಪುಸ್ತಕಗಳು ಎಲ್ಲವೂ ಒಂದೇ ಹಲಗೆಯ ಮೇಲೆ. ಕೈಯಿಂದ ಕೈಗೆ ಹೋಗಿ ಎಷ್ಟೋ ಪುಸ್ತಕಗಳ ಕೊನೆಯ ಹಾಳೆ ಹರಿದುಹೋಗಿರುತ್ತಿತ್ತು. ಅಂಗಡಿಯ ಅಜ್ಜ ಅಂಥ ಪುಸ್ತಕಗಳ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ 'ಕೊನೆ ಇಲ್ಲ' ಎಂದು ಬರೆದಿಡುತ್ತಿದ್ದ. ಕೊನೆ ಇದ್ದದ್ದಕ್ಕೆ ದಿನಕ್ಕೆ ಎಂಟಾಣೆ, ಇಲ್ಲದ್ದಕ್ಕೆ ನಾಲ್ಕಾಣೆ. ನಾಲ್ಕಾಣೆಯವನ್ನೇ ನಾವು ಹೆಚ್ಚು ಓದಿದ್ದು. ಕೊಲೆಗಾರ ಯಾರೆಂದು ರಾತ್ರಿ ಆಪಾ ಊಹಿಸಿ ಹೇಳುತ್ತಿದ್ದಳು. ನಮಗೆ ಮೋಸವಾಯಿತೆಂದು ಒಮ್ಮೆಯೂ ಅನ್ನಿಸಲಿಲ್ಲ. ಅಬ್ಬಾ ಬಟ್ಟೆ ವ್ಯಾಪಾರ ಮಾಡುವಾಗ, ಐಬು ಇದ್ದರೆ ಮೊದಲು ಅದನ್ನು ತೋರಿಸಿ ಆಮೇಲೆ ಬೆಲೆ ಹೇಳು ಎನ್ನುತ್ತಿದ್ದರು. 'ಐಬು' ಉರ್ದುವಿನಲ್ಲೂ ಇದೆ, ಕನ್ನಡದಲ್ಲೂ ಇದೆ. ಆ ಅಜ್ಜ ಪೆನ್ಸಿಲಿನಲ್ಲಿ ಮಾಡಿದ್ದು ಅದನ್ನೇ.

ಆಟದ ಕಂಪನಿಗಳಿಂದಲೂ ಓದುಗ ಕೇಳಬೇಕಾದದ್ದು ಇಷ್ಟೇ ಎಂದು ನಮಗೆ ತೋರುತ್ತದೆ. ಮುಂದಿನ ಕಥೆಯನ್ನು ಮಾರಲಿ, ಅದು ಅವರ ದುಡಿಮೆ. ಕೈಯಲ್ಲಿರುವ ಕಥೆಯನ್ನು ಅರ್ಧಕ್ಕೆ ಕತ್ತರಿಸಿದ್ದರೆ ಪೆಟ್ಟಿಗೆಯ ಮೇಲೆ ಹಾಗೆಂದು ಬರೆಯಲಿ, ಅರ್ಧ ಬೆಲೆ ತೆಗೆದುಕೊಳ್ಳಲಿ. 2012ರ ಹತ್ತು ಡಾಲರೆಂದರೆ ಆಗಿನ ಲೆಕ್ಕದಲ್ಲಿ ಸುಮಾರು 500 ರೂಪಾಯಿ. ಅಮೆರಿಕದ ಹುಡುಗನಿಗೆ ಅದು ಒಂದು ಹೊತ್ತಿನ ತಿಂಡಿ. ರೋಣದಂಥ ಊರಿನ ಮನೆಯಲ್ಲಿ ಅದಕ್ಕೆ ಬೇರೆ ಬೇರೆ ಹೆಸರುಗಳಿರುತ್ತವೆ: ಗ್ಯಾಸು, ಶಾಲೆಯ ಫೀಸು, ಬಸ್ ಪಾಸು.

ಮಗ ಕೊನೆಗೆ ಆ ಮುಂದಿನ ಭಾಗವನ್ನು ಯಾರೋ ಆಡಿ ತೋರಿಸಿದ ವಿಡಿಯೋದಲ್ಲಿ ನೋಡಿದ. ನೋಡಿ ಮುಗಿಸಿ ಬಂದವನ ಮುಖದಲ್ಲಿ ಸಿಟ್ಟೂ ಇತ್ತು, ನಗುವೂ ಇತ್ತು. ಅದರಲ್ಲೂ ಕಥೆ ಮುಗಿಯುವುದಿಲ್ಲವಂತೆ. ಎಲಿಕಾ ಅವನನ್ನು ಬಿಟ್ಟು ಹೊರಟುಹೋಗುತ್ತಾಳೆ, ಅಷ್ಟೇ. ಇವರಿಬ್ಬರ ಮುಂದಿನ ಕಥೆಗೆ ಕಾದವರಿಗೆ 2010ರಲ್ಲಿ ಸಿಕ್ಕಿದ ಹೊಸ ಆಟ ಹಳೆಯ ಸರಣಿಯ ರಾಜಕುಮಾರನದು.

'ಹಣ ಕೊಟ್ಟವರಿಗೂ ಸಿಕ್ಕಿಲ್ಲ ಅಬ್ಬಾ' ಎಂದ.

ಮೊನ್ನೆ ಆ ಡಿಸ್ಕನ್ನು ಗಜೇಂದ್ರಗಡದ ಮಾಮುವಿನ ಮಗನಿಗೆ ಕೊಡಲು ಚೀಲದಲ್ಲಿ ಇಡುತ್ತಿದ್ದ. ನಾವು ಅದನ್ನು ಇಸಿದುಕೊಂಡು ಕವರಿನೊಳಗಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ 'ಕೊನೆ ಇಲ್ಲ' ಎಂದು ಬರೆದುಕೊಟ್ಟೆವು. ಅವನು ಓದಿ, 'ಹಾಗಾದರೆ ಅವನು ಆಡುವುದೇ ಇಲ್ಲ' ಎಂದ. ಆಡುತ್ತಾನೆ, ಕೊಡು ಎಂದೆವು.